ಒಂದು ಹಿಡಿ ಉಪ್ಪು ಜಾಸ್ತಿ

ಎಪ್ರಿಲ್ 17, ಊಟದ ಬಿಡುವು

ಇವತ್ತೂ ಶಾಲೆ ತೋಟಕ್ಕೆ ನೀರು ಹಾಕುವ ಪಾಳಿ ನಮ್ಮದೇ. ನಾನು, ನನ್ನ ಗೆಳತಿ ಹೆರಾಂಗ್. ಬೇರೆ ಯಾರೂ ಬರಲಿಲ್ಲ. ಫುಟ್‌ಬಾಲ್ ಇತ್ತಂತೆ. ಪೈಪು ತೂತಾಗಿದೆ. ಲೆಟ್ಯೂಸ್‌ಗಿಂತ ನನ್ನ ಶೂಗೇ ಜಾಸ್ತಿ ನೀರು.

ಬೇಲಿಯ ಆಚೆ ಇಮ್ಸಿಲ್ ಅಜ್ಜಿ ನಿಂತು ನೋಡುತ್ತಿದ್ದರು. ಶಾಲೆಯ ಹಿಂದಿನ ಮನೆ ಅವರದು. ಇಮ್ಸಿಲ್ ಅನ್ನುವ ಊರಿನಿಂದ ಯಾವ ಕಾಲದಲ್ಲೋ ಮದುವೆಯಾಗಿ ಬಂದದ್ದು. ನಮ್ಮ ಈ ಗುನ್‌ಸಾನ್‌ನಲ್ಲೇ ಕೂದಲು ಹಣ್ಣಾದರೂ ಕೇರಿಗೆಲ್ಲ ಈಗಲೂ ಇಮ್ಸಿಲ್‌ನವಳೇ. ನಿಜವಾದ ಹೆಸರು ಅವರಿಗೂ ಮರೆತುಹೋಗಿರಬಹುದು.

"ಅದೇನೇ, ಗಿಡಕ್ಕೆ ಮುಖ ತೊಳೆಸ್ತಿದೀರಾ?"

"ನೀರು ಹಾಕ್ತಿದೀವಿ ಅಜ್ಜಿ."

"ಬುಡಕ್ಕೆ ಹಾಕೇ. ಎಲೆಗೇನು ಬಾಯಿದೆಯಾ?"

ನಗಲಿಲ್ಲ. ಅವರು ನಗುವುದೇ ಇಲ್ಲ. ಹೂವಿನ ಟೋಪಿ, ಮೊಣಕೈವರೆಗೆ ನೇರಳೆ ತೋಳುಚೀಲ, ಆ ಗತ್ತು... ನಮ್ಮ ಮೆಚ್ಚಿನ ಬ್ಯಾಂಡ್ ಸಿಕ್ಸ್ ಅಂಬ್ರೆಲಾದ ಹುಡುಗರಿಗೂ ಸ್ಟೇಜ್ ಮೇಲೆ ಇಷ್ಟು ಗತ್ತಿಲ್ಲ. ಅವರೇ ಆರು ಜನ ಸೇರಿದರೂ.

ಸಂಜೆ ಒಂದು ಚಾಟ್ ರೂಮ್ ತೆರೆದೆ. "ಇಮ್ಸಿಲ್ ಅಜ್ಜಿ ಅಭಿಮಾನಿ ಬಳಗ." ಸದಸ್ಯರು: ನಾನು, ಹೆರಾಂಗ್. ಹೆರಾಂಗ್ ಒಳಗೆ ಬಂದು ಒಂದೇ ಮಾತು ಬರೆದಳು — "ನಿಂಗೆ ಹುಚ್ಚು." ಆದರೆ ಹೊರಗೆ ಹೋಗಲಿಲ್ಲ.


ಮೇ 8

ಹೆತ್ತವರ ದಿನ. ಅಮ್ಮನಿಗೆ ಕಾರ್ನೇಷನ್ ಹೂವು ಕೊಟ್ಟೆ. ಒಂದು ಉಳಿದಿತ್ತು. ಬೇಲಿ ಸಂದಿಯಿಂದ ಇಮ್ಸಿಲ್ ಅಜ್ಜಿಗೆ.

"ನಾನೇನು ನಿನ್ನ ಹೆತ್ತೋಳಾ?"

"ಅಲ್ಲ ಅಜ್ಜಿ. ನಾನು ನಿಮ್ಮ ಫ್ಯಾನ್."

"ಹಂಗಂದ್ರೆ?"

"ನೀವು ಏನೂ ಮಾಡ್ದೆ ಸುಮ್ನೆ ನಿಂತಿದ್ರೂ ನೋಡ್ತಾ ಇರೋರು."

"ಕೆಲ್ಸ ಇಲ್ದೋರು ಅನ್ನು."

ಆದರೆ ಹೂವು ಟೋಪಿಗೆ ಹೋಯಿತು. ಫೋಟೋ ತೆಗೆದೆ. ಬಳಗದಲ್ಲಿ ಹಾಕಿದೆ. ಈಗ ಏಳು ಸದಸ್ಯರು. ಆರನೇ ಕ್ಲಾಸಿನವರೆಲ್ಲ, ಜೊತೆಗೆ ಹೇಗೋ ನುಸುಳಿದ ನಮ್ಮ ಕ್ಲಾಸ್ ಟೀಚರ್ ಪ್ಯೋ ಸರ್.

ಸಂತೋಷ ಅಲ್ಲಿಗೇ ಮುಗಿಯಿತು. ಕೊನೇ ಪಿರಿಯಡ್‌ನಲ್ಲಿ ಪ್ರಿನ್ಸಿಪಾಲ್ ನಾಮ್‌ಗುಂಗ್ ಮೇಡಂ ಬಂದರು. ತೋಟ ಕಲಿಸಲು ಜಿಲ್ಲೆಯಿಂದ ಬರುತ್ತಿದ್ದ ಮೇಷ್ಟ್ರು ಇನ್ನು ಬರುವುದಿಲ್ಲ, ಆ ಯೋಜನೆ ಮುಗಿಯಿತು. ಹೋದ ಬೇಸಿಗೆ ರಜೆಯಲ್ಲಿ ಎಲ್ಲ ಒಣಗಿ, ಕಳೆ ಸೊಂಟದವರೆಗೆ ಬಂದು, ಎದುರಿನ ಅಪಾರ್ಟ್‌ಮೆಂಟಿನವರು ಸೊಳ್ಳೆ ಅಂತ ದೂರು ಕೊಟ್ಟಿದ್ದು ನಮಗೂ ಗೊತ್ತು. ಅಲ್ಲಿ ಪಾರ್ಕಿಂಗ್ ಮಾಡುತ್ತಾರಂತೆ.

ನಾನು ಎದ್ದು ನಿಂತೆ. ಯಾಕೆ ನಿಂತೆನೋ. ಬಾಯಿಂದ ಬಂದೇ ಬಿಟ್ಟಿತು. "ಮೇಡಂ, ನಾವು ನೋಡ್ಕೋತೀವಿ."

"ದಾವೋನ್, ನೀವು ಆರು ಜನ ಮುಂದಿನ ವರ್ಷ ಎಲ್ಲಿರ್ತೀರಿ?"

"...ಮಿಡಲ್ ಸ್ಕೂಲಲ್ಲಿ."

"ಆಮೇಲೆ ಯಾರು?"

ಮೇಡಂ ಕೆಟ್ಟವರಲ್ಲ, ಅದೇ ಕಷ್ಟ. ಕೊನೆಗೆ ಹೇಳಿದರು: "ಚಳಿಗಾಲಕ್ಕೆ ಕೋಸಿಗೆ ಉಪ್ಪು-ಮಸಾಲೆ ಹಚ್ಚಿ ಕಿಮ್ಚಿ ಹಾಕೋ ಕಿಮ್ಜಾಂಗ್ ದಿನದವರೆಗೂ ಬಿಡ್ತೀನಿ. ಅವತ್ತು ಶಾಲೆಯವರಲ್ಲದೋರು ನನ್ನ ಮುಂದೆ ನಿಂತು, ಮುಂದಿನ ಬೇಸಿಗೆಗೂ ನಾವಿದೀವಿ ಅಂತ ಬಾಯಿಬಿಟ್ಟು ಹೇಳ್ಬೇಕು. ಇಲ್ಲಾಂದ್ರೆ ಪಾರ್ಕಿಂಗ್."


ಮೇ 9

ಯೋಚನೆ ಮಾಡಿದೆ. ಗಣಿತದ ಕ್ಲಾಸ್ ಪೂರ್ತಿ.

ಹೊಸ ಬ್ಯಾಂಡ್ ಬಂದಾಗ ಅದನ್ನು ಉಳಿಸುವುದು ಯಾರು? ಕಂಪನಿಯಲ್ಲ. ಫ್ಯಾನ್‌ಗಳು. ಪಾಳಿ ಹಾಕಿಕೊಂಡು ಹಾಡು ಪ್ಲೇ ಮಾಡುತ್ತಾರೆ, ಮಾಡಿದ್ದಕ್ಕೆ ಫೋಟೋ ಸಾಕ್ಷಿ ಹಾಕುತ್ತಾರೆ. ಹಾಡುಗಾರನ ಹುಟ್ಟುಹಬ್ಬಕ್ಕೆ ಕೆಫೆ ಬಾಡಿಗೆಗೆ ಹಿಡಿದು, ಅವನ ಮುಖದ ಚಿತ್ರವಿರುವ ಕಾಗದದ ಪಟ್ಟಿ ಕಪ್ಪಿಗೆ ಸುತ್ತಿ, ದಾರಿಯಲ್ಲಿ ಹೋಗುವವರಿಗೂ ಕುಡಿಸುತ್ತಾರೆ.

ನಮ್ಮ ತೋಟಕ್ಕೆ ಇಲ್ಲದಿರುವುದು ದುಡ್ಡಲ್ಲ. ಫ್ಯಾನ್‌ಗಳು.

ಹೆರಾಂಗ್‌ಗೆ ಹೇಳಿದೆ. "ಬದನೆಕಾಯಿಗೆ ಯಾರೇ ಫ್ಯಾನ್ ಆಗ್ತಾರೆ?" ಅಂದಳು.

ಬದನೆಕಾಯಿಗಲ್ಲ ಕಣೇ.


ಜೂನ್ 14

ನಮ್ಮದೇ ಫ್ಯಾನ್ ಕೆಫೆ ಮಾಡಿಬಿಟ್ಟೆವು. ಮೀನು ಮಾರ್ಕೆಟ್ ಹತ್ತಿರ ಹಿರಿಯರು ಕೂರುವ ಹಾಲ್ ಇದೆಯಲ್ಲ, ಅಲ್ಲಿ. ಬಾರ್ಲಿ ಟೀ ತಣ್ಣಗೆ ಮಾಡಿದ್ದು ಹೆರಾಂಗ್ ಅಮ್ಮ. ಅವರದು ಮಾರ್ಕೆಟ್‌ನಲ್ಲಿ ಉಪ್ಪು ಸೀಗಡಿ ಅಂಗಡಿ. ಕಪ್ಪಿಗೆ ಪಟ್ಟಿ ನನ್ನದು. ಪ್ರತಿ ಪಟ್ಟಿಯ ಮೇಲೂ ಕಾರ್ನೇಷನ್ ಸಿಕ್ಕಿಸಿದ ಇಮ್ಸಿಲ್ ಅಜ್ಜಿ, ಕೆಳಗೆ — "ಬುಡಕ್ಕೆ ಹಾಕಿ. ಶಾಲೆ ತೋಟಕ್ಕೆ ವಾರಕ್ಕೊಂದು ದಿನ."

ಅಜ್ಜಿಗೆ ಹೇಳಿರಲಿಲ್ಲ. ಸರ್‌ಪ್ರೈಸ್ ಅಂದುಕೊಂಡಿದ್ದೆ.

ಬಂದರು. ಕಪ್ಪು ಎತ್ತಿದರು. ತಿರುಗಿಸಿದರು.

"ನಾನು ಯಾವಾಗ ಸತ್ತೆ?"

"ಅಜ್ಜಿ—"

"ಫೋಟೋ ಹಾಕಿದೀರಿ, ಹೂವು ಇಟ್ಟಿದೀರಿ, ಬಂದೋರಿಗೆಲ್ಲ ಕುಡಿಯೋಕೆ ಕೊಡ್ತಿದೀರಿ. ಅಳೋರು ಎಲ್ಲಿ?"

ಮೂಲೆಯಲ್ಲಿ ಹೂಚಿತ್ರದ ಇಸ್ಪೀಟೆಲೆ ಆಡುತ್ತಿದ್ದ ವಾಂಡೋ ಅಜ್ಜಿ ಆಟದಿಂದ ತಲೆ ಎತ್ತದೆ ಅಂದರು: "ನಾನಂತೂ ಅಳಲ್ಲ."

ಈ ವಾಂಡೋ ಅಜ್ಜಿ ದ್ವೀಪದವರು, ಹಾಲ್‌ಗೆ ಅವರೇ ಯಜಮಾನಿ. ಹಿಂದೆ ಯಾವತ್ತೋ ಎಲೆ ಆಟದಲ್ಲಿ ಇಮ್ಸಿಲ್ ಅಜ್ಜಿ ಕದ್ದು ನೋಡಿದರು ಅಂತ ಮಾತು ಬಿಟ್ಟಿದ್ದಾರೆ. ಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಾರೆ, ಇನ್ನೊಬ್ಬರು ಗೋಡೆಯಿಂದ ಕೇಳಿಸಿಕೊಳ್ಳುತ್ತಾರೆ.

ಆದರೂ ಜನ ಸಿಕ್ಕರು. ಹೆರಾಂಗ್ ಅಮ್ಮ ಒಂದು ದಿನ. ಸಲೂನಿನ ಯೋಮ್ ಮಾವ ಒಂದು ದಿನ. ಫೈರ್ ಸ್ಟೇಷನ್ನಿನ ಚೆ ಅಣ್ಣ, "ನೀರು ತಾನೇ, ನಮ್ಮ ಕೆಲಸವೇ ಅದು" ಅಂದರು. ವಾಂಡೋ ಅಜ್ಜಿ ಕೊನೆಗೆ ಗೋಡೆಗೆ ಹೇಳಿದರು:

"ಅವಳು ಬರೋ ದಿನ ಬಿಟ್ಟು ಬೇರೆ ಯಾವ ದಿನವಾದ್ರೂ ಬರ್ತೀನಿ."

ಚಾಟ್ ರೂಮ್‌ಗೆ ಎಲ್ಲರನ್ನೂ ಸೇರಿಸಿದೆ. ಇಬ್ಬರು ಅಜ್ಜಿಯರನ್ನು ಬಿಟ್ಟು. ಅವರದು ಮಡಚುವ ಹಳೇ ಫೋನು, ಚಾಟ್ ಬರುವುದಿಲ್ಲ.


ಜುಲೈ 29

ಬೇಸಿಗೆ ರಜೆ. ಬಿಸಿಲು ತಲೆ ಒಡೆಯುತ್ತಿದೆ. ನಾವು ಬದುಕಿದ್ದೇವೆ, ಗಿಡಗಳೂ.

ಪದ್ಧತಿ ಸರಳ. ನೀರು ಹಾಕು, ಫೋಟೋ ಹಾಕು. ಯೋಮ್ ಮಾವ ಟೊಮೆಟೊಗೆ ಕ್ರಾಪ್ ಮಾಡಿದ ಫೋಟೋ ಹಾಕಿದರು, ಪಕ್ಕದ ಚಿಗುರು ಕತ್ತರಿಸಿದ್ದು, ಸಲೂನಿನ ಕತ್ತರಿಯಲ್ಲೇ. ಹೆರಾಂಗ್ ಅಮ್ಮನ ಫೋಟೋದಲ್ಲಿ ಯಾವಾಗಲೂ ಒಂದು ಬೆಕ್ಕು, ಅವರ ಹಿಂದೆಯೇ ಬರುತ್ತದೆ, ವಾಸನೆಗೆ. ಚೆ ಅಣ್ಣ ಮೊದಲ ದಿನ ಸ್ಟೇಷನ್ನಿನ ಹಳೇ ಪೈಪು ತಂದು ಜೋಡಿಸಿ ನಲ್ಲಿ ಪೂರ್ತಿ ಬಿಟ್ಟರಂತೆ. ಆ ಫೋಟೋದಲ್ಲಿ ಲೆಟ್ಯೂಸ್ ಸಾಲು ಇಲ್ಲ. ಬೇಲಿಯ ಮೇಲಿದೆ. ಕೆಳಗೆ ಬರೆದಿದ್ದರು: "ಕ್ಷಮಿಸಿ. ಬೆಂಕಿ ಇರಲಿಲ್ಲ ಅನ್ನೋದು ಮರೆತೋಯ್ತು."

ಪ್ರಿನ್ಸಿಪಾಲ್ ಮೇಡಂ ಕೂಡ ರೂಮಿನಲ್ಲಿದ್ದಾರೆ. ಪ್ಯೋ ಸರ್ ಸೇರಿಸಿದ್ದು. ಏನೂ ಬರೆಯುವುದಿಲ್ಲ. ಆದರೆ ಮೆಸೇಜಿನ ಪಕ್ಕ ಇನ್ನೂ ಎಷ್ಟು ಜನ ಓದಿಲ್ಲ ಅಂತ ತೋರಿಸುವ ಹಳದಿ ಅಂಕಿ ಇದೆಯಲ್ಲ, ಅದು ಸಂಜೆಯೊಳಗೆ ದಿನಾ ಸೊನ್ನೆ. ಅಂದರೆ ಓದುತ್ತಾರೆ.


ಸೆಪ್ಟೆಂಬರ್ 2

ಕಿಮ್ಚಿಗೆ ಬೇಕಾದ ಕೋಸಿನ ಸಸಿ ನೆಟ್ಟೆವು. ಇಮ್ಸಿಲ್ ಅಜ್ಜಿ ಬೇಲಿ ದಾಟಿ ಒಳಗೇ ಬಂದರು, ಮೊದಲ ಸಲ. ಒಂದನೇ ಕ್ಲಾಸಿನ ಪುಟ್ಟಿಯೊಬ್ಬಳು ಸಸಿಯನ್ನು ತಲೆಕೆಳಗೆ ನೆಟ್ಟಿದ್ದಳು. ಬೇರು ಮೇಲೆ. ಅಜ್ಜಿ ಬಗ್ಗಿ ನೋಡಿ ಕೇಳಿದರು:

"ಇದು ಪಾತಾಳದೋರಿಗಾ?"

ನಗಲಿಲ್ಲ. ತುಟಿಯ ಒಂದು ತುದಿ... ಹೆರಾಂಗ್ ನೋಡಿದೆ ಅಂತಾಳೆ. ಸಾಕ್ಷಿ ಇಲ್ಲ.


ಅಕ್ಟೋಬರ್ 30

ಎಲೆ ಬಿಚ್ಚಿಕೊಳ್ಳದ ಹಾಗೆ ಕೋಸಿಗೆ ಹುಲ್ಲುಹಗ್ಗದಲ್ಲಿ ಸೊಂಟಪಟ್ಟಿ ಕಟ್ಟಿದ್ದಾಯಿತು. ಕೈತುಂಬ ತೂಕ. ತಲೆ ಮೇಲೆ ತಟ್ಟಿದರೆ ಡೊಳ್ಳಿನ ಸದ್ದು. ಎಲ್ಲವನ್ನೂ ತಟ್ಟಿದೆ.

ಒಂದೇ ಭಯ. ನೀರು ಹಾಕಿದರು, ಸರಿ. ಆದರೆ ಮೇಡಂ ಮುಂದೆ ನಿಂತು "ಮುಂದಿನ ವರ್ಷ ನಾನು" ಅಂತ ಯಾರು ಹೇಳುತ್ತಾರೆ? ಯೋಮ್ ಮಾವನನ್ನು ಕೇಳಿದೆ. "ಹೆರಾಂಗ್ ಅಮ್ಮ ಹೇಳ್ಲಿ, ಆಮೇಲೆ ನಾನು." ಹೆರಾಂಗ್ ಅಮ್ಮನನ್ನು ಕೇಳಿದೆ. "ದೊಡ್ಡೋರಿದಾರಲ್ಲ, ವಾಂಡೋ ಅಜ್ಜಿ ಮೊದ್ಲು ಹೇಳ್ಬೇಕು." ವಾಂಡೋ ಅಜ್ಜಿಯನ್ನು ಕೇಳಿದೆ. ಗೋಡೆಗೆ ಹೇಳಿದರು, "ಅವಳು ಹೇಳ್ಲಿ." ಇಮ್ಸಿಲ್ ಅಜ್ಜಿಯನ್ನು ಕೇಳಿದೆ.

"ಮುಂದಿನ ವರ್ಷ ನಾನು ಬದುಕಿರ್ತೀನೋ ಇಲ್ವೋ. ಕಪ್ಪಿನ ಮೇಲೆ ಫೋಟೋ ಬೇರೆ ಹಾಕಿಬಿಟ್ಟಿದೀರಿ."


ನವೆಂಬರ್ 21, ಶುಕ್ರವಾರ

ಕೋಸು ಕಿತ್ತೆವು. ಇಮ್ಸಿಲ್ ಅಜ್ಜಿ ಹೇಳಿದಂತೆ ಎರಡು ಹೋಳು ಮಾಡಿ, ಉಪ್ಪುನೀರಿನಲ್ಲಿ ಅದ್ದಿ, ಎಲೆ ಎಲೆಯ ಬುಡಕ್ಕೆ ಕಲ್ಲುಪ್ಪು ಉದುರಿಸಿ ದೊಡ್ಡ ಕೆಂಪು ರಬ್ಬರ್ ಟಬ್‌ಗಳಲ್ಲಿ ಜೋಡಿಸಿದೆವು. ಅಡುಗೆಮನೆ ಹಿಂದಿನ ಚಪ್ಪರದಲ್ಲಿ, ಮೇಲೆ ಪ್ಲಾಸ್ಟಿಕ್ ಹಾಳೆ. ಬೆಳಿಗ್ಗೆಯೊಳಗೆ ಮೆತ್ತಗಾಗಬೇಕು. ತೊಳೆದು ಮಸಾಲೆ ಹಚ್ಚುವುದು ನಾಳೆ. ಮೇಡಂ ನಾಳೆ ಹತ್ತು ಗಂಟೆಗೆ ಬರುತ್ತಾರೆ.

"ಅಜ್ಜಿ, ಯಾರಾದ್ರೂ ಕಾವಲು ಇರ್ಬೇಕಾ?"

"ಕೋಸಿಗೆ ಕಾಲಿದೆಯಾ?"

ಗೇಟು ಸಂಜೆ ತೆರೆದೇ ಇರುತ್ತದೆ. ಕೇರಿಯವರೆಲ್ಲ ವಾಕಿಂಗ್ ಬರುವುದು ನಮ್ಮ ಗ್ರೌಂಡಿಗೇ. ಪರವಾಗಿಲ್ಲ. ಕೋಸು ಯಾರು ಕದಿಯುತ್ತಾರೆ.


ನವೆಂಬರ್ 22, ಬೆಳಿಗ್ಗೆ ಎಂಟು

ಕದಿಯಲಿಲ್ಲ. ಅದಕ್ಕಿಂತ ಕೆಟ್ಟದ್ದು. ಕೈ ಒದ್ದೆ, ಬೇಗ ಬರೆದು ಹೋಗಬೇಕು.

ಇಮ್ಸಿಲ್ ಅಜ್ಜಿ ಒಂದು ಎಲೆ ಕಿತ್ತು ಬಾಯಿಗೆ ಹಾಕಿ ಉಗುಳಿದರು. "ಇದು ಕೋಸಲ್ಲ. ಸಮುದ್ರ."

ನಾನೂ ತಿಂದೆ. ನಾಲಿಗೆ ಒಳಗೆ ಮಡಚಿಕೊಂಡಿತು.

"ಯಾರು ಮುಟ್ಟಿದ್ದು?" ಅಂದರು ಇಮ್ಸಿಲ್ ಅಜ್ಜಿ.

ವಾಂಡೋ ಅಜ್ಜಿ ಆಕಾಶ ನೋಡಿದರು. ಆಮೇಲೆ ಗೋಡೆಗೆ: "ಸಂಜೆ ಈ ಕಡೆ ಬಂದಿದ್ದೆ. ಎಲೆ ಬಗ್ಗಿಸಿ ನೋಡ್ದೆ, ಟಕ್ ಅಂತ ಮುರೀತು. ಮಕ್ಕಳ ಕೆಲ್ಸ, ಉಪ್ಪು ಸಾಲ್ದು ಅಂತ ಒಂದು ಹಿಡಿ..."

ಇಮ್ಸಿಲ್ ಅಜ್ಜಿ ಅದೇ ಗೋಡೆಗೆ: "ಆಗಿನ್ನೂ ಹಾಕಿ ಒಂದು ಗಂಟೆ ಆಗಿಲ್ಲ. ಮುರೀದೆ ಇನ್ನೇನು ನಮಸ್ಕಾರ ಮಾಡತ್ತಾ? ಒಂದು ಹಿಡಿಗೆ ಇಷ್ಟಾಗಲ್ಲ."

"ದ್ವೀಪದ ಹಿಡಿ ಸ್ವಲ್ಪ ದೊಡ್ಡದು."

ಆಗ ಹೆರಾಂಗ್ ಅಮ್ಮ ಉಪ್ಪು ಸೀಗಡಿ ಮಡಕೆ ಹೊತ್ತು ಬಂದರು. ಮಾತು ಕೇಳಿ ಮಡಕೆಯನ್ನು ಮೆಲ್ಲಗೆ ಕೆಳಗಿಟ್ಟರು. "ಅಯ್ಯೋ. ಅಂಗಡಿ ಮುಚ್ಚಿ ಹೋಗ್ತಾ ನಾನೂ ಒಂದು ಹಿಡಿ..."

"ಅಮ್ಮಾ," ಅಂದಳು ಹೆರಾಂಗ್. ಅಷ್ಟೇ.

ಹಂಚಬೇಕಾದ ಕಿಮ್ಚಿ ಇದು. ನೀರು ಹಾಕಿದ ಎಲ್ಲರಿಗೂ, ಹಿರಿಯರ ಹಾಲ್‌ಗೂ. ಇನ್ನೆರಡು ಗಂಟೆಯಲ್ಲಿ ಮೇಡಂ. ನನಗೆ ಅಳು ಬಂತು. ಇಮ್ಸಿಲ್ ಅಜ್ಜಿ ಅವರ ತೋಳುಚೀಲದಲ್ಲೇ ನನ್ನ ಮೂಗು ಒರೆಸಿದರು. ಅದೂ ಉಪ್ಪು.

"ಅತ್ರೆ ಇನ್ನೂ ಉಪ್ಪಾಗತ್ತೆ. ಮೂಲಂಗಿ ಬೇಕು. ದಪ್ಪ ಹೋಳು ಮಾಡಿ ಮಧ್ಯೆ ಮಧ್ಯೆ ಇಟ್ರೆ ಉಪ್ಪು ಎಳ್ಕೊಳತ್ತೆ. ಮಸಾಲೆಗೆ ಸೀಗಡಿ ಬೇಡ. ನೀರು ಬದಲಾಯಿಸ್ತಾ ಇರ್ಬೇಕು. ಜನ ಬೇಕು. ನಿನ್ನ ಆ ಡಬ್ಬೀಲಿ ಹೇಳು."

ಡಬ್ಬಿಯಲ್ಲಿ ಹೇಳಿದೆ: "ಕೋಸು ಸಮುದ್ರ ಆಗಿದೆ. ಮೂಲಂಗಿ ತಗೊಂಡು ಈಗಲೇ ಬನ್ನಿ."

ಹಳದಿ ಅಂಕಿ ಇಳಿಯುವುದನ್ನು ನೋಡುತ್ತಾ ನಿಂತೆ. ನೋಡನೋಡುತ್ತ ಮಾಯ.


ಅದೇ ದಿನ, ಸಂಜೆ

ಬಂದರು.

ಬಂದರು ಅಂದರೆ ಹೇಗೆ ಬರೆಯಲಿ... ಗೇಟಿನಿಂದ ಮೂಲಂಗಿಗಳು ನಡೆದುಬಂದವು. ಸೈಕಲ್ ಬುಟ್ಟಿಯಲ್ಲಿ, ಮಗುವಿನ ತಳ್ಳುಗಾಡಿಯಲ್ಲಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು. ಯೋಮ್ ಮಾವನ ಹಿಂದೆ ಅರ್ಧ ಕ್ರಾಪಾದ ಗಿರಾಕಿ, ಬಟ್ಟೆ ಸುತ್ತಿಕೊಂಡೇ. ಸೊಳ್ಳೆ ಅಂತ ದೂರು ಕೊಟ್ಟಿದ್ದ ಅಪಾರ್ಟ್‌ಮೆಂಟಿನ ಹೆಂಗಸು ಎರಡು ಮೂಲಂಗಿ ತಂದು ಕೊಟ್ಟು, "ಸೊಳ್ಳೆ ಈಗ ಇಲ್ವಲ್ಲ," ಅಂದು ಕೈಗೌಸು ಹಾಕಿಕೊಂಡರು. ಚೆ ಅಣ್ಣ ಈ ಸಲ ನಲ್ಲಿಯನ್ನು ಸಣ್ಣಗೆ ಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ತೊಳೆದೆವು, ಹಿಂಡಿದೆವು, ಮತ್ತೆ ತೊಳೆದೆವು. ಇಮ್ಸಿಲ್ ಅಜ್ಜಿ, ವಾಂಡೋ ಅಜ್ಜಿ ಒಂದೇ ಟಬ್‌ನ ಎರಡು ಕಡೆ. ನಡುವೆ ಗೋಡೆ ಇರಲಿಲ್ಲ. ಹಾಗಾಗಿ ಕೋಸಿಗೆ ಹೇಳಿಕೊಂಡರು.

"ಕೆಲವರು ಹಿಂಡೋ ರೀತಿ ನೋಡಿದ್ರೆ ಬಟ್ಟೆ ಒಗೀತಿದಾರೆ ಅನ್ಸತ್ತೆ."

"ಕೆಲವರು ಎಲೆ ಕದ್ದು ನೋಡೋದ್ರಲ್ಲಿ ಜಾಣರು, ಇಸ್ಪೀಟಲ್ಲೂ ಕೋಸಲ್ಲೂ," ಅಂದರು ವಾಂಡೋ ಅಜ್ಜಿ.

ಮೇಡಂ ಹತ್ತಕ್ಕೆ ಬಂದರು. ಏಪ್ರನ್ ಹಾಕಿಕೊಂಡೇ. ಏನೂ ಕೇಳದೆ ಕುಕ್ಕರಗಾಲಲ್ಲಿ ಕೂತು ಮೂಲಂಗಿ ಹೆಚ್ಚಲು ಶುರು. ವಿಚಿತ್ರ ಅನ್ನಿಸಿತು. ಇಷ್ಟು ಮೂಲಂಗಿ ಯಾಕೆ ಅಂತ ಕೂಡ ಕೇಳಲಿಲ್ಲ.

ಮಧ್ಯಾಹ್ನ ಹೊತ್ತಿಗೆ ಎಲ್ಲ ಕೆಂಪು. ಬಿಸಿಬಿಸಿ ಬೇಯಿಸಿದ ಹಂದಿಮಾಂಸದ ತುಂಡಿಗೆ ಹೊಸ ಕಿಮ್ಚಿ ಸುತ್ತಿ ಒಬ್ಬರ ಬಾಯಿಗೆ ಒಬ್ಬರು. ರುಚಿ... ಸ್ವಲ್ಪ ಉಪ್ಪೇ. ಆದರೆ ಅನ್ನದ ಜೊತೆ ಸರಿ.

ಆಗ ಮೇಡಂ ಎದ್ದು ನಿಂತರು.

"ತುಂಬಾ ಚೆನ್ನಾಗಿದೆ. ದಾವೋನ್‌ಗೆ ಒಂದು ಮಾತು ಕೊಟ್ಟಿದ್ದೆ. ಕೇಳ್ಲೇಬೇಕು. ಮುಂದಿನ ಬೇಸಿಗೆಗೆ ಯಾರು?"

ಇಡೀ ಚಪ್ಪರ ಅಗಿಯುವುದನ್ನು ನಿಲ್ಲಿಸಿತು. ಯೋಮ್ ಮಾವ ಹೆರಾಂಗ್ ಅಮ್ಮನನ್ನು ನೋಡಿದರು. ಹೆರಾಂಗ್ ಅಮ್ಮ ವಾಂಡೋ ಅಜ್ಜಿಯನ್ನು. ವಾಂಡೋ ಅಜ್ಜಿ ಚಪ್ಪರದ ಕಂಬವನ್ನು. ಪಾರ್ಕಿಂಗ್‌ನ ಬಿಳಿ ಗೆರೆಗಳು ಕಣ್ಣ ಮುಂದೆ ಬಂದವು.

"ಅದು ಆಮೇಲೆ," ಅಂದರು ಇಮ್ಸಿಲ್ ಅಜ್ಜಿ, ಕೂತಲ್ಲಿಂದಲೇ. "ಮೊದ್ಲು ಒಂದು ವಿಷ್ಯ ತೀರಲಿ. ಎರಡು ಹಿಡಿಗೆ ಕೋಸು ಸಮುದ್ರ ಆಗಲ್ಲ. ಇನ್ನೂ ಯಾರ್ಯಾರು ಹಾಕಿದೀರಿ? ಕೈ ಎತ್ತಿ."

ಮೊದಲು ಚೆ ಅಣ್ಣನ ಕೈ, ಕಿವಿಯವರೆಗೆ ಮಾತ್ರ. "ಡ್ಯೂಟಿ ಮುಗಿಸಿ ಬರ್ತಾ... ನಮ್ಮಮ್ಮ ಹಾಕೋದು ನೋಡಿ ಗೊತ್ತು ಅಂತ..." ಯೋಮ್ ಮಾವನ ಕೈ. ಸೊಳ್ಳೆಯ ಹೆಂಗಸಿನ ಕೈ, ಅವರ ನಾಯಿಯನ್ನು ವಾಕಿಂಗ್ ಕರೆದುಕೊಂಡು ಬಂದಾಗಂತೆ.

ಕೊನೆಗೆ, ತುಂಬಾ ನಿಧಾನವಾಗಿ, ಏಪ್ರನ್ನಿನೊಳಗಿಂದ ಪ್ರಿನ್ಸಿಪಾಲ್ ನಾಮ್‌ಗುಂಗ್ ಮೇಡಂ ಕೈ.

"ಗೇಟ್ ನೋಡೋಕೆ ಬಂದಿದ್ದೆ," ಅಂದರು ಮೇಡಂ. ಮುಖ ಕಿಮ್ಚಿ ಬಣ್ಣ. "ಎಲೆ ಇನ್ನೂ ಗಟ್ಟಿ ಇತ್ತು. ಮಕ್ಕಳಿಗೆ ಬೇಜಾರಾಗಬಾರದು ಅಂತ... ಒಂದೇ ಹಿಡಿ."

ಪ್ಯೋ ಸರ್ ನಗು ತಡೆಯಲು ಕೆಮ್ಮಿ ಕೆಮ್ಮಿ ಸುಸ್ತಾದರು.

ಇಮ್ಸಿಲ್ ಅಜ್ಜಿ ಎದ್ದರು. ಮೊಣಕಾಲು ಹಿಡಿದುಕೊಂಡು, ನಿಧಾನಕ್ಕೆ.

"ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ. ನಾನು ಹೇಳ್ತೀನಿ, ಉಪ್ಪು ಹಾಕ್ದೋರು ನೀರು ಹಾಕ್ಬೇಕು. ಕೈ ಎತ್ತಿದೋರೆಲ್ಲ, ಮುಂದಿನ ಬೇಸಿಗೆ, ವಾರಕ್ಕೊಂದು ದಿನ. ಬುಡಕ್ಕೆ. ಯಾರಿಗಾದ್ರೂ ಆಗಲ್ಲ ಅನ್ನೋಕೆ ಮುಖ ಇದೆಯಾ?"

ಯಾರಿಗೂ ಇರಲಿಲ್ಲ. "ಆಯ್ತು" ಅಂದರು ಯೋಮ್ ಮಾವ. "ನಾನಿದೀನಿ" ಅಂದರು ಹೆರಾಂಗ್ ಅಮ್ಮ. ಅಲ್ಲಿಂದ ಒಬ್ಬರಾದ ಮೇಲೆ ಒಬ್ಬರು, ಉಪ್ಪು ಹಾಕದವರೂ. ಅರ್ಧ ಕ್ರಾಪಿನ ಗಿರಾಕಿ ಕೂಡ ಸುತ್ತಿದ್ದ ಬಟ್ಟೆಯೊಳಗಿಂದ ಕೈ ಎತ್ತಿದರು. ಮೇಡಂ ಫೋನು ತೆಗೆದು ಏನೋ ನೋಡಿ ಹೇಳಿದರು:

"ಸೋಮವಾರ ನಂಗೆ ಮೀಟಿಂಗ್ ಇರತ್ತೆ. ಗುರುವಾರ ಕೊಡಿ."

ಹೆರಾಂಗ್ ನನ್ನ ಕೈ ಹಿಸುಕಿದಳು. ಮೂಳೆ ಮುರಿಯುವ ಹಾಗೆ.

ಆಗ ವಾಂಡೋ ಅಜ್ಜಿ. ಗೋಡೆಗಲ್ಲ, ಕಂಬಕ್ಕಲ್ಲ. ನೇರ ಮುಖ ನೋಡಿ, "ಏ ಇಮ್ಸಿಲ್. ಎಲ್ಲರನ್ನೂ ಕೇಳ್ದೆ. ನೀನು ಬೆಳಕು ಹರಿಯೋ ಮುಂಚೆ ಇಲ್ಲಿ ಏನು ಮಾಡ್ತಿದ್ದೆ? ನಮ್ಮ ಕಿಟಕಿಗೆ ನಿನ್ನ ಟೋಪಿ ಕಾಣ್ಸತ್ತೆ."

ಇಮ್ಸಿಲ್ ಅಜ್ಜಿ ತೋಳುಚೀಲ ಸರಿ ಮಾಡಿಕೊಂಡರು. ಎಡದ್ದು. ಆಮೇಲೆ ಬಲದ್ದು.

"ಎರಡು ಹಿಡಿ," ಅಂದರು.

ಆಮೇಲೆ ನಕ್ಕರು. ಹಲ್ಲಿಲ್ಲದ ಕಡೆಯೂ ಕಾಣುವಷ್ಟು. ವಾಂಡೋ ಅಜ್ಜಿ ಅವರ ಬೆನ್ನಿಗೆ ಕೆಂಪು ಗೌಸಿನಲ್ಲೇ ಒಂದು ಏಟು ಕೊಟ್ಟರು, ಈಗಲೂ ಆ ಅಂಗಿಯ ಮೇಲೆ ಐದು ಬೆರಳು.

ನನ್ನ ಎರಡು ಕೈಗೂ ಮಸಾಲೆ. ಫೋಟೋ ತೆಗೆಯಲಾಗಲಿಲ್ಲ. ಅಭಿಮಾನಿ ಬಳಗದ ಅಧ್ಯಕ್ಷೆ ನಾನು, ಫೋಟೋ ಇಲ್ಲ.


ಜನವರಿ 8

ನಮ್ಮ ಆರನೇ ಕ್ಲಾಸಿನ ಬೀಳ್ಕೊಡುಗೆ. ಹೂಗುಚ್ಛ, ಫೋಟೋ, ಪ್ಯೋ ಸರ್ ಅತ್ತರು. ನಾನು ಅಳಲಿಲ್ಲ, ಇನ್ನೂ ಉಪ್ಪಾಗುತ್ತದೆ.

ತೋಟದ ಮೇಲೆ ಹಿಮ. ಕೋಸು ಕಿತ್ತ ಜಾಗದಲ್ಲಿ ಬೆಳ್ಳುಳ್ಳಿ ಹೂತಿದ್ದಾರೆ, ಮೇಲೆ ಹುಲ್ಲು. ಇಬ್ಬರು ಅಜ್ಜಿಯರೂ ಸೇರಿ, ಬೈದಾಡಿಕೊಂಡು. ಪಾಳಿ ಈಗ ಇಬ್ಬರದೂ ಒಂದೇ ದಿನ.

ಇಮ್ಸಿಲ್ ಅಜ್ಜಿಗೆ ಮೊಮ್ಮಗ ಸ್ಮಾರ್ಟ್‌ಫೋನ್ ಕೊಡಿಸಿದ. ರೂಮ್‌ಗೆ ಸೇರಿಸಿದೆ. ಅಜ್ಜಿ ಅದನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಾರಂತೆ, ಗೀರು ಬೀಳಬಾರದು ಅಂತ. ಅವತ್ತಿನಿಂದ ಪ್ರತಿ ಮೆಸೇಜಿನ ಪಕ್ಕ ಹಳದಿ ಅಂಕಿ ಒಂದು, ಓದದ ಅಜ್ಜಿಯದು. ಹೋಗುವುದೇ ಇಲ್ಲ.


ಮಾರ್ಚ್ 12, ಗುರುವಾರ

ಹೊಸ ಸ್ಕೂಲು. ಗುಡ್ಡದ ಆ ಕಡೆ. ಯೂನಿಫಾರಂ ತೋಳು ಬೆರಳು ದಾಟುತ್ತದೆ, ಬೆಳೀತೀಯ ಅನ್ನುತ್ತಾಳೆ ಅಮ್ಮ. ಹೆರಾಂಗ್ ಬೇರೆ ಸೆಕ್ಷನ್. ಇಲ್ಲಿ ತೋಟ ಇಲ್ಲ. ಪಾರ್ಕಿಂಗ್ ಇದೆ, ಅರ್ಧ ಖಾಲಿ. ಅಳತೆ ಹಾಕಿ ನೋಡಿದೆ, ಸುಮ್ಮನೆ.

ಮಳೆಯಿಲ್ಲ, ಬೆಳ್ಳುಳ್ಳಿಗೆ ನೀರು ಬೇಕು. ಸಂಜೆ ಮೇಡಂ ಫೋಟೋ ಬಂತು. ನೀರು ಹಾಕಿದ್ದಾರೆ, ಎಲೆಗೆ. ಬಯ್ಯೋಣವೇ ಅಂತ ಯೋಚಿಸುತ್ತಿದ್ದೆ, ಅಷ್ಟರಲ್ಲಿ—

ಹಳದಿ ಒಂದು ಹೋಯಿತು.

ಎಲ್ಲ ಮೆಸೇಜಿನ ಪಕ್ಕದಿಂದಲೂ, ಜನವರಿಯಿಂದ ಇದ್ದದ್ದು, ಸಾಲಾಗಿ. ಅಜ್ಜಿ ಓದುತ್ತಿದ್ದಾರೆ.

ಈಗ ಒಂದು ಫೋಟೋ. ಪೂರ್ತಿ ಅವರ ಹೆಬ್ಬೆರಳು. ಬೆರಳಿನ ಪಕ್ಕ ಸ್ವಲ್ಪ ಜಾಗ, ಅದರಲ್ಲಿ ಹುಲ್ಲಿನಿಂದ ತಲೆ ಎತ್ತಿದ ಬೆಳ್ಳುಳ್ಳಿ, ಎಷ್ಟು ಹಸಿರು. ಜೊತೆಗೆ ಒಂದು ದನಿ ಮೆಸೇಜ್:

"ಮೇಡಮ್ಮೋರು ಎಲೆಗೆ ಹಾಕಿ ಹೋದ್ರು. ನಾನು ಮತ್ತೆ ಬುಡಕ್ಕೆ ಹಾಕ್ದೆ. ಕೇಳಿಸ್ತಾ ಇದೆಯಾ ಕೆಲ್ಸ ಇಲ್ದೋಳೇ?"

ನಾಲ್ಕು ಸಲ ಕೇಳಿದೆ. ಹಿಂದೆ ನೀರಿನ ಸದ್ದು ಬರುತ್ತಲೇ ಇದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಪೈಪು, ಚೆ ಅಣ್ಣ ತಂದ ಫೈರ್ ಸ್ಟೇಷನ್ನಿನದು. ನಲ್ಲಿ ಪೂರ್ತಿ ತೆರೆದಿದೆ. ಅವತ್ತಿನ ಲೆಟ್ಯೂಸ್ ಥರ ಬೆಳ್ಳುಳ್ಳಿ ಸಾಲೂ ಬೇಲಿ ಹತ್ತುತ್ತದೆ ಈಗ. ಅಜ್ಜಿಗೆ ಫೋನ್ ಮಾಡಿದರೆ ಎತ್ತಲು ಬರುವುದಿಲ್ಲ, ಓಡಿಯೇ ಹೋಗ—